ಗೇಟಜ್ಜ ಗೇಟು ಹಾಕಿದಾಗ

ಇಡೀ ಕ್ಲಾಸು ಒಂಟಿಕಾಲಿನ ಮೇಲೆ ನಿಂತಿತ್ತು.

“ಬೇಗ ಓದೋ! ಕಾಲು ಜೋಮು ಹಿಡೀತಿದೆ!” ಹಿಂದಿನ ಬೆಂಚಿನಿಂದ ಯಾರೋ ಕೂಗಿದರು.

“ಓದ್ತಿದೀನಿ, ಸ್ವಲ್ಪ ತಡ್ಕೊಳ್ರೋ,” ಎಂದ ಬೋರ್ಡಿನ ಮುಂದೆ ಚೀಟಿ ಹಿಡಿದು ನಿಂತಿದ್ದ ಮಾನಿಟರ್. ಗಂಟಲು ಸರಿಮಾಡಿಕೊಂಡ. “ಬಿಕಾಸ್ ಮೈ ಕ್ಯಾಟ್ ವಾಸ್ ಹಂಗ್ರಿ…”

“ಬೆಕ್ಕಿಗೆ ಹಸಿವಾಗಿತ್ತು, ಸರಿ. ಆಮೇಲೆ?”

“…ಇಟ್ ಏಟ್ ಮೈ ಹೋಮ್‌ವರ್ಕ್!”

ಧಬಧಬನೆ ಕಾಲುಗಳೆಲ್ಲ ನೆಲಕ್ಕಿಳಿದವು. ನಗುವೋ ನಗು. ಇಂಗ್ಲಿಷ್ ಮಿಸ್ ಕೂಡ ನಕ್ಕು, “ಓಹೋ, ನೀನು ಹೋಮ್‌ವರ್ಕ್ ತರ್ದೇ ಇರೋದು ಇದಕ್ಕೇನಾ?” ಎಂದರು.

ವೆನ್, ಬಿಕಾಸ್, ಆಲ್ದೋ, ಅನ್‌ಟಿಲ್ ಎಂದು ಶುರುವಾದ ಮಾತು ಒಂದು ಕಾಲು ಎತ್ತಿದ ಹಾಗೆ ಎಂದು ಮಿಸ್ ಹೇಳಿಕೊಟ್ಟಿದ್ದರು. ‘ಮಳೆ ಬಂದಾಗ’ ಎಂದಷ್ಟೇ ಹೇಳಿ ಸುಮ್ಮನಾದರೆ ಕೇಳುವವರಿಗೆ ಏನು ಗೊತ್ತಾಗುತ್ತದೆ? ಮಳೆ ಬಂದಾಗ ಏನಾಯಿತು ಎಂದು ಹೇಳಿದರೆ ತಾನೆ ಮಾತು ಎರಡೂ ಕಾಲೂರಿ ನಿಲ್ಲುವುದು? ಅದಕ್ಕೇ ಮೊದಲರ್ಧ ಓದುವಾಗ ಎಲ್ಲರೂ ಒಂದು ಕಾಲು ಎತ್ತಬೇಕು. ಉಳಿದರ್ಧ ಬಂದ ಮೇಲೆಯೇ ಇಳಿಸಬೇಕು. ಮಕ್ಕಳು ಇದಕ್ಕೆ ಕೊಕ್ಕರೆ ಪೀರಿಯಡ್ ಎಂದು ಹೆಸರಿಟ್ಟಿದ್ದರು. ಕೊಕ್ಕರೆಗಾದರೂ ಕೊನೆಗೊಂದು ಮೀನು ಸಿಗುತ್ತೆ, ನಮಗೆ ಸಿಗೋದು ಬರೀ ಇಂಗ್ಲಿಷ್ ಎಂದು ಗೊಣಗುವವರೇ ಎಲ್ಲರಿಗಿಂತ ಮೊದಲು ಕಾಲೆತ್ತುತ್ತಿದ್ದರು.

ಇನ್ನೊಂದು ನಿಯಮವೂ ಇತ್ತು. ಮೊದಲರ್ಧ ಬರೆದವರು ಉಳಿದರ್ಧ ಬರೆಯುವಂತಿಲ್ಲ. ಅರ್ಧ ಬರೆದ ಚೀಟಿಯನ್ನು ಹೆಸರು ಹಾಕದೆ ಮೇಜಿನ ಮೇಲಿನ ಬಿಸ್ಕತ್ತಿನ ಡಬ್ಬಕ್ಕೆ ಹಾಕಬೇಕು. ಅದು ಯಾರ ಕೈಗೆ ಸಿಗುತ್ತದೋ ಅವರೇ ಮುಗಿಸಬೇಕು. ಪೂರ್ತಿಯಾದ ಚೀಟಿಗಳನ್ನು ಮಿಸ್ ಕಾರಿಡಾರಿನ ಗೋಡೆಗೆ ಅಂಟಿಸುತ್ತಿದ್ದರು. ಹೋಗಿ ಬರುವವರೆಲ್ಲ ಅಲ್ಲಿ ನಿಂತು ಓದುತ್ತಿದ್ದರು.

“ನೆಕ್ಸ್ಟ್!” ಎಂದರು ಮಿಸ್.

ಕೆನೆ ಎದ್ದು ಬಂದ. ಅವನ ಅಪ್ಪ ಹಾಲಿನ ವ್ಯಾನ್ ಓಡಿಸುತ್ತಾರೆ. ಹಾಗಾಗಿ ಶಾಲೆಯಲ್ಲಿ ಮಗನಿಗೆ ಕೆನೆ ಎಂದೇ ಹೆಸರಾಗಿತ್ತು. ಎಲ್ಲರೂ ಮತ್ತೆ ಕಾಲೆತ್ತಿದರು.

“ವೆನ್ ಗೇಟಜ್ಜ ಕ್ಲೋಸ್ಡ್ ದ ಗೇಟ್…” ಎಂದು ಕೆನೆ ಓದಿದ.

ಕಿಟಕಿಯ ಪಕ್ಕ ನಿಂತಿದ್ದ ಹುಡುಗಿ ತಟ್ಟನೆ ಕೆನೆಯ ಕಡೆ ತಿರುಗಿದಳು. ಅದು ಅವಳ ಚೀಟಿ.

ಅವಳನ್ನು ಮನೆಯಲ್ಲಿ ಜೀರುಂಡೆ ಎಂದು ಕರೆಯುತ್ತಿದ್ದರು. ಬೆಳಗಾದರೆ ಶುರು, ಬಾಯಿಗೆ ಬಿಡುವೇ ಇಲ್ಲ ಎಂದು ಅಜ್ಜ ಇಟ್ಟ ಹೆಸರು ಅದು. ಈ ಶಾಲೆಯಲ್ಲಿ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ. ಊರಿನ ಆಚೆ ಭಾಗದಿಂದ ಈ ಭಾಗಕ್ಕೆ ಮನೆ ಬದಲಾಯಿಸಿ ಈ ವರ್ಷವಷ್ಟೇ ಇಲ್ಲಿ ಸೇರಿದ್ದಳು. ಸೇರಿದಾಗಿನಿಂದ ಬಾಯಿಗೆ ಬೀಗ ಹಾಕಿಕೊಂಡವಳಂತೆ ಇದ್ದಳು. ಗೇಟಜ್ಜ ಅವಳ ಸ್ವಂತ ಅಜ್ಜ ಎಂಬುದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗೇಟಜ್ಜ ಮಾತ್ರ ಎಲ್ಲರಿಗೂ ಗೊತ್ತು. ರೈಲು ಊರಿನ ನಡುವೆಯೇ ಹಾದುಹೋಗುತ್ತಿದ್ದ ಕಾಲದಲ್ಲಿ ರಸ್ತೆಯ ಗೇಟು ಹಾಕಿ ತೆಗೆಯುತ್ತಿದ್ದವರು ಅವರೇ.

“…ಎವ್ರಿಬಡಿ ಸ್ಕೋಲ್ಡೆಡ್ ಹಿಮ್!” ಎಂದು ಕೆನೆ ಮುಗಿಸಿದ. ಗೇಟಜ್ಜ ಗೇಟು ಹಾಕಿದಾಗ ಎಲ್ಲರೂ ಅವರನ್ನು ಬೈದರು!

ಕಾಲುಗಳು ಇಳಿದವು. ಕ್ಲಾಸಿನಲ್ಲಿ ಹಬ್ಬವೇ ಆಯಿತು.

“ನಮ್ ಮಾವನೂ ಬೈತಿದ್ರು!”

“ನಮ್ಮಪ್ಪ ಹಾರ್ನ್ ಮೇಲೆ ಕೈ ಇಟ್ರೆ ತೆಗೀತಾನೇ ಇರ್ಲಿಲ್ಲ!”

ಕೆನೆಗೆ ಹುಮ್ಮಸ್ಸು ಬಂತು. ವ್ಯಾನಿನ ಕಿಟಕಿಯಿಂದ ತಲೆ ಹೊರಹಾಕುವವನಂತೆ ಬಗ್ಗಿ, ಅಪ್ಪನ ದಪ್ಪ ಗಂಟಲಿನಲ್ಲಿ, “ಏಯ್ ಗೇಟಜ್ಜಾ, ನಿದ್ದೆ ಹೋದ್ಯಾ? ಇಲ್ಲಿ ಹಾಲು ಮೊಸರಾಗ್ತಿದೆ!” ಎಂದು ಕೂಗಿದ. ಮಿಸ್ ಕೂಡ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದರು.

ಜೀರುಂಡೆಯ ಕಾಲು ಇನ್ನೂ ಇಳಿದಿರಲಿಲ್ಲ. ಅವಳಿಗೆ ಅದರ ನೆನಪೇ ಇರಲಿಲ್ಲ. ಆಮೇಲೆ ಏನಾಯಿತೆಂದು ಅವಳಿಗೂ ಸರಿಯಾಗಿ ತಿಳಿಯಲಿಲ್ಲ. ಬೆಂಚುಗಳ ನಡುವೆ ದಡದಡನೆ ನಡೆದುಹೋಗಿ, ಕೆನೆಯ ಕೈಯಿಂದ ಚೀಟಿ ಕಿತ್ತುಕೊಂಡಳು. ಪರ್ ಎಂದು ಹರಿದಳು. ‘ವೆನ್ ಗೇಟಜ್ಜ ಕ್ಲೋಸ್ಡ್ ದ ಗೇಟ್’ ಎಂಬ ಅರ್ಧವನ್ನು ಮುಷ್ಟಿಯಲ್ಲಿಟ್ಟುಕೊಂಡು ಉಳಿದದ್ದನ್ನು ನೆಲಕ್ಕೆ ಎಸೆದಳು.

ನಗು ನಿಂತುಹೋಯಿತು.

“ನಾನೇನ್ ಮಾಡ್ದೆ ಮಿಸ್?” ಎಂದ ಕೆನೆ. ಇಷ್ಟಗಲ ಅರಳಿದ್ದ ಅವನ ಮುಖ ಇಷ್ಟೇ ಇಷ್ಟಾಗಿತ್ತು.

ಮಿಸ್ ಇಬ್ಬರನ್ನೂ ನೋಡಿದರು. “ಚೀಟಿ ಯಾರದು ಅಂತ ಕೇಳ್ಬಾರ್ದು ಅಂತ ರೂಲ್ ಮಾಡಿದ್ದು ನಾನೇ. ಅದಕ್ಕೆ ಕೇಳಲ್ಲ. ಆದ್ರೆ ಈ ಮಾತು ನಾಳೆ ಎರಡೂ ಕಾಲಿನ ಮೇಲೆ ನಿಂತು ಗೋಡೆಗೆ ಹೋಗ್ಬೇಕು. ಹೇಗೆ ಅನ್ನೋದು ನಿಮ್ಮಿಬ್ಬರಿಗೆ ಬಿಟ್ಟಿದ್ದು,” ಎಂದರು.

ಎಲ್ಲರೂ ನಿಂತು ಓದುವ ಗೋಡೆಯ ಮೇಲೆ, ಅಜ್ಜನ ಹೆಸರಿನ ಪಕ್ಕ, ಆ ಮಾತು! ಜೀರುಂಡೆ ತನ್ನ ಜಾಗಕ್ಕೆ ಹೋಗಿ ಕುಳಿತಳು. ಮುಷ್ಟಿಯನ್ನು ಮಾತ್ರ ಬಿಚ್ಚಲಿಲ್ಲ.

ಸುಳ್ಳು, ಶುದ್ಧ ಸುಳ್ಳು ಎಂದು ಅವಳು ಮನಸ್ಸಿನಲ್ಲೇ ಹೇಳಿಕೊಂಡಳು. ಅವಳಿಗೆ ಗೊತ್ತಿಲ್ಲವೇ? ಅವಳು ಅಲ್ಲೇ ಇದ್ದವಳು.

ಹಳಿಯ ಪಕ್ಕ ಅಜ್ಜನ ಗೇಟ್‌ಮನೆ ಇತ್ತು. ಒಂದು ಸ್ಟೂಲು, ಒಂದು ಫೋನು, ಮೊಳೆಗೆ ನೇತುಹಾಕಿದ ಕೆಂಪು ಹಸಿರು ಬಾವುಟ. ಅದರ ಹಿಂದೆಯೇ ಅವರ ಕ್ವಾರ್ಟರ್ಸು. ಶಾಲೆ ಬಿಟ್ಟ ಮೇಲೆ ಅಜ್ಜಿ ಕೊಟ್ಟ ಚಹಾ ಹಿಡಿದು ಜೀರುಂಡೆ ಗೇಟ್‌ಮನೆಗೆ ಹೋಗುತ್ತಿದ್ದಳು. ಅಜ್ಜ ಇನ್ನೇನು ಲೋಟ ತುಟಿಗಿಡಬೇಕು, ಅಷ್ಟರಲ್ಲಿ ಪಕ್ಕದ ಸ್ಟೇಷನ್ನಿನಿಂದ ಫೋನು. ಆ ಫೋನಿಗೂ ಚಹಾಕ್ಕೂ ಏನೋ ಹಳೇ ಜಗಳ. ಅಜ್ಜ ಎದ್ದುಹೋಗಿ ದೊಡ್ಡ ಹ್ಯಾಂಡಲ್ ತಿರುಗಿಸುತ್ತಿದ್ದರು. ಟಣ ಟಣ ಗಂಟೆ ಬಾರಿಸುತ್ತ ಗೇಟಿನ ಕಂಬಗಳು ಎರಡೂ ಕಡೆ ಮೆಲ್ಲಗೆ ಇಳಿಯುತ್ತಿದ್ದವು.

ಜೀರುಂಡೆ ಹೊಸಿಲು ದಾಟುವಂತಿರಲಿಲ್ಲ. ಒಳಗೇ ಕುಳಿತು, ಚಹಾ ಆರದಿರಲೆಂದು ಲೋಟದ ಮೇಲೆ ಅಂಗೈ ಮುಚ್ಚಿ ಹಿಡಿಯುತ್ತಿದ್ದಳು. ಬಿಸಿ ಹಬೆಗೆ ಅಂಗೈ ಬೆವರುತ್ತಿತ್ತು. ಹೊರಗೆ ಬಸ್ಸು, ಲಾರಿ, ಸೈಕಲ್ಲು, ಸ್ಕೂಟರು. ಪೀಂ ಪೀಂ, ಪೋಂ ಪೋಂ, ಟ್ರಿಣ್ ಟ್ರಿಣ್! ಅದರ ಜೊತೆಗೆ ಗೇಟಜ್ಜಾ, ಗೇಟಜ್ಜಾ ಎಂಬ ಕೂಗು. ಅಜ್ಜ ಎಲ್ಲರಿಗೂ ಕೈಯೆತ್ತಿ ನಗುತ್ತಿದ್ದರು.

“ಅಷ್ಟೊಂದು ಜನ ಯಾಕಜ್ಜಾ ಕೂಗ್ತಾರೆ?” ಎಂದು ಅವಳು ಚಿಕ್ಕವಳಿದ್ದಾಗ ಕೇಳಿದ್ದಳು.

“ನನ್ನ ಮಾತಾಡಿಸ್ತಾರೆ ಕಣೇ. ಈ ಊರಲ್ಲಿ ನನ್ನಷ್ಟು ನೆಂಟರು ಇನ್ಯಾರಿಗಿದ್ದಾರೆ ಹೇಳು?” ಎಂದಿದ್ದರು ಅಜ್ಜ.

ಅವಳಿಗೆ ಹೆಮ್ಮೆಯೋ ಹೆಮ್ಮೆ. ಅಷ್ಟು ದೊಡ್ಡ ಬಸ್ಸಿನ ಡ್ರೈವರೂ ಹಾರ್ನ್ ಹೊಡೆದು ಮಾತಾಡಿಸುವುದು ಅಜ್ಜನೊಬ್ಬರನ್ನೇ!

ಹೋದ ವರ್ಷ ಹಳಿಯನ್ನೇ ಊರಿನ ಹೊರಗೆ ತಿರುಗಿಸಿದರು. ಗೇಟು ಕಿತ್ತರು. ಅಜ್ಜ ರಿಟೈರ್ ಆದರು, ಆ ಚಳಿಗಾಲದಲ್ಲೇ ತೀರಿಕೊಂಡರು. ಕ್ವಾರ್ಟರ್ಸ್ ಬಿಟ್ಟುಕೊಟ್ಟ ಮೇಲೆ ಅದನ್ನೂ ಗೇಟ್‌ಮನೆಯನ್ನೂ ಕೆಡವಿದರು.

ಅವತ್ತು ಸಂಜೆ ಜೀರುಂಡೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಈಗಿನ ಮನೆ ಸ್ಟೇಷನರಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಅಜ್ಜಿ ನೆಲದ ಮೇಲೆ ಕಾಲು ಚಾಚಿ ಬಟಾಣಿ ಬಿಡಿಸುತ್ತಿದ್ದರು.

“ಅಜ್ಜೀ, ಅಜ್ಜನ್ನ ಯಾರಾದ್ರೂ ಬೈತಿದ್ರಾ?”

ಅಜ್ಜಿ ತಲೆಯೆತ್ತಿ ನೋಡಿದರು. ಆಮೇಲೆ ನಗತೊಡಗಿದರು. ನಗು ಹೆಚ್ಚಾಗಿ ಬಟಾಣಿ ಕೈಜಾರಿ ಮೂಲೆಗೆ ಉರುಳಿತು.

“ಯಾರು ಬೈತಿರ್ಲಿಲ್ಲ ಅಂತ ಕೇಳು, ಹೇಳೋದು ಸುಲಭ! ಡಾಕ್ಟ್ರು ಬೈತಿದ್ರು, ಪೋಸ್ಟ್‌ಮನ್ ಬೈತಿದ್ದ. ಮದುವೆ ಗಂಡೊಬ್ಬ ಕಾರಿಂದ ಇಳಿದು ಬಂದು ಬೈದು ಹೋದ. ಒಂದು ದಿನವಾದ್ರೂ ಬೈಗುಳ ಇಲ್ದೆ ನಿಮ್ಮಜ್ಜಂಗೆ ಊಟ ಸೇರಿದ್ದುಂಟಾ?”

“ಮತ್ತೆ, ಎಲ್ರೂ ಮಾತಾಡಿಸ್ತಾರೆ ಅಂತ ಹೇಳಿದ್ರು ನಂಗೆ!”

ಅಜ್ಜಿಯ ನಗು ಮೆತ್ತಗಾಯಿತು. “ಹಾಗಂದಿದ್ರಾ? ಹ್ಞೂಂ, ಅಂದಿರ್ತಾರೆ. ಬಾ ಇಲ್ಲಿ.”

ಅವಳು ಹೋಗಲಿಲ್ಲ. ಅಲ್ಲೇ ನಿಂತು ಅತ್ತಳು. ಅಜ್ಜ ಸುಳ್ಳು ಹೇಳಿದರು ಎಂದು ಅಳು ಬಂತೋ, ಎಲ್ಲರೂ ಅಜ್ಜನನ್ನು ಬೈದರು ಎಂದು ಬಂತೋ, ಕೇಳಿದ್ದರೆ ಅವಳು ಹೇಳುತ್ತಿರಲಿಲ್ಲ. ಅಜ್ಜ ಈಗ ಇದ್ದಿದ್ದರೆ ಅವರನ್ನೇ ಕೇಳಬಹುದಿತ್ತು. ಅವರಿಲ್ಲ ಎನ್ನುವುದು ಮತ್ತೆ ಹೊಸದಾಗಿ ಗೊತ್ತಾದಂತಾಯಿತು.

ಅಜ್ಜಿಯೇ ಎದ್ದು ಬಂದು ಸೆರಗಿನಿಂದ ಅವಳ ಮೂಗು ಒರೆಸಿದರು.

“ನಂಗೂ ಮೊದಮೊದಲು ಹೀಗೇ ಅಳು ಬರ್ತಿತ್ತು. ಆ ಬೈಗುಳ ಎಲ್ಲ ಒಳಗೆ ಒಲೆ ಮುಂದೆ ಕೇಳಿಸ್ತಿತ್ತಲ್ಲ. ನೀವೂ ತಿರುಗಿ ನಾಲ್ಕು ಮಾತು ಅನ್ನಬಾರ್ದಾ ಅಂದೆ. ನಿಮ್ಮಜ್ಜ ಏನಂದ್ರು ಗೊತ್ತಾ? ‘ಬೈಲಿ ಬಿಡೇ. ಬೈತಾರೆ ಅಂದ್ರೆ ಜೀವ ಗಟ್ಟಿಯಾಗಿದೆ ಅಂತ ತಾನೆ? ಬೈದೋರೆಲ್ಲ ಮನೆಗೆ ಹೋಗಿ ಊಟ ಮಾಡ್ತಾರೆ, ನಂಗಷ್ಟೇ ಸಾಕು’ ಅಂದ್ರು.”

ಅಷ್ಟರಲ್ಲಿ ಅಪ್ಪ ಕೆಲಸದಿಂದ ಬಂದರು. ಮೋಟಾರ್ ರಿಪೇರಿ ಮಾಡಿ ಕೈಯೆಲ್ಲ ಗ್ರೀಸ್ ಆಗಿತ್ತು. ಏನು ನಡೆಯುತ್ತಿದೆ ಎಂದು ಕೇಳಿ ತಿಳಿದುಕೊಂಡು, ಸೋಪು ಉಜ್ಜುತ್ತಲೇ ಹೇಳಿದರು:

“ಎಲ್ಲರ ಮಾತು ಬಿಡು. ನಾನೇ ಬೈದಿದ್ದೀನಿ.”

“ನೀವಾ?”

“ಹತ್ತನೇ ಕ್ಲಾಸಿನ ಪರೀಕ್ಷೆ. ಪೆನ್ನು ಮರೆತು ವಾಪಸ್ ಬಂದೆ. ತಗೊಂಡು ಓಡೋ ಹೊತ್ತಿಗೆ ಗೇಟ್ ಹಾಕಿದ್ರು. ರೈಲಿನ್ನೂ ಕಾಣ್ತಾನೇ ಇಲ್ಲ! ‘ಅಪ್ಪಾ, ನಾನು. ಬಗ್ಗಿ ದಾಟಿಬಿಡ್ತೀನಿ, ಒಂದೇ ನಿಮಿಷ’ ಅಂದೆ. ‘ಅಲ್ಲೇ ನಿಂತ್ಕೋ’ ಅಂದ್ರು. ‘ನಾನು ನಿಮ್ಮ ಮಗ ಅಲ್ವಾ?’ ಅಂತ ಕೂಗಿದೆ. ಅದಕ್ಕೆ, ‘ರೈಲಿಗೆ ಯಾರ ಮಗ ಅಂತ ಗುರುತು ಸಿಗುತ್ತೇನೋ?’ ಅಂದ್ರು, ಅಷ್ಟೇ. ಆಮೇಲೆ ನನ್ನ ಕಡೆ ತಿರುಗಿಯೂ ನೋಡ್ಲಿಲ್ಲ.”

“ಪರೀಕ್ಷೆ?”

“ಬಾಗಿಲು ಮುಚ್ಚೋ ಹೊತ್ತಿಗೆ ನುಗ್ಗಿದೆ. ದಾರಿಯುದ್ದಕ್ಕೂ ಅವರನ್ನ ಬೈದಿದ್ದೇ ಬೈದಿದ್ದು.” ಅಪ್ಪ ನಲ್ಲಿ ನಿಲ್ಲಿಸಿದರು. “ಒಂದ್ಸಲ ಮತ್ತೆ ಆ ಗೇಟಲ್ಲಿ ಕಾಯೋ ಹಾಗಿದ್ರೆ ಎಷ್ಟು ಹೊತ್ತಾದ್ರೂ ಕಾಯ್ತಿದ್ದೆ,” ಎಂದರು.

ಊಟವಾದ ಮೇಲೆ ಜೀರುಂಡೆ ಮುದುಡಿದ ಅರ್ಧ ಚೀಟಿಯನ್ನು ಬಿಡಿಸಿ ಮುಂದಿಟ್ಟುಕೊಂಡಳು. ಬೇರೆ ಕಾಗದದಲ್ಲಿ ‘ಐ ಕೆಪ್ಟ್ ಹಿಸ್ ಟೀ ವಾರ್ಮ್’ ಎಂದು ಬರೆದು ನೋಡಿದಳು. ನಾನು ಅವರ ಚಹಾ ಬಿಸಿಯಾಗಿಟ್ಟೆ. ಅದೂ ನಿಜವೇ. ಆದರೆ ಅದರಲ್ಲಿ ಗೇಟ್‌ಮನೆಯ ಒಳಗಿನ ಇಬ್ಬರೇ ಇದ್ದರು. ಹೊರಗೆ ಅಷ್ಟು ಜನ ನಿಂತಿದ್ದರಲ್ಲ, ಅವರೆಲ್ಲ ಎಲ್ಲಿ? ಪೆನ್ಸಿಲ್ ಕಚ್ಚಿ ಯೋಚಿಸುತ್ತಲೇ ಅವಳಿಗೆ ನಿದ್ದೆ ಬಂತು.

ಮರುದಿನ ಬೆಳಿಗ್ಗೆ ಕೆನೆ ಶಾಲೆಯ ಮೆಟ್ಟಿಲ ಮೇಲೆ ಅವಳಿಗಾಗಿ ಕಾಯುತ್ತಿದ್ದ. ಕಿವಿ ಕೆಂಪಾಗಿತ್ತು.

“ನಂಗೆ ಗೊತ್ತಿರ್ಲಿಲ್ಲ ಕಣೇ. ನಮ್ಮಪ್ಪ ಹೇಳಿದ್ರು, ಗೇಟಜ್ಜನ ಮನೆಯೋರು ಈ ಕಡೆ ಬಂದಿದ್ದಾರೆ, ಆ ಹುಡುಗಿ ಮೊಮ್ಮಗಳೇ ಇರ್ಬೇಕು ಅಂತ. ತಗೋ, ಹೊಸದಾಗಿ ಬರ್ದಿದೀನಿ.”

ಒಳ್ಳೆಯ ದಪ್ಪ ಕಾಗದ. ಸುತ್ತ ಸ್ಕೆಚ್ ಪೆನ್ನಿನ ಹೂವು. ನಡುವೆ, ‘ಎವ್ರಿಬಡಿ ಸಲ್ಯೂಟೆಡ್ ಹಿಮ್.’ ಎಲ್ಲರೂ ಅವರಿಗೆ ಸಲ್ಯೂಟ್ ಹೊಡೆದರು.

ಜೀರುಂಡೆ ಅದನ್ನು ತುಂಬ ಹೊತ್ತು ನೋಡಿದಳು. ನಿನ್ನೆಯಾಗಿದ್ದರೆ ಇದನ್ನು ಎದೆಗೆ ಒತ್ತಿಕೊಳ್ಳುತ್ತಿದ್ದಳು.

“ಯಾರೂ ಸಲ್ಯೂಟ್ ಹೊಡೀತಿರ್ಲಿಲ್ಲ,” ಎಂದಳು. “ಹಳೇದೆಲ್ಲಿ?”

“ಹಳೇದಾ? ಬೈದಿದ್ದಾ?”

“ಹ್ಞೂಂ. ಅದೇ ಬೇಕು.”

ಕೆನೆ ಅವಳನ್ನು ವಿಚಿತ್ರವಾಗಿ ನೋಡಿದ. ಜೇಬಿನೊಳಗೆ ಕೈ ಹಾಕಿ ಗೋಲಿ, ರಬ್ಬರ್ ಬ್ಯಾಂಡ್, ಚಾಕೊಲೇಟ್ ಕಾಗದ ಎಲ್ಲ ಹೊರತೆಗೆದು, ಕೊನೆಗೆ ಹರಿದ ಚೀಟಿ ಕೊಟ್ಟ. ಇಬ್ಬರೂ ಸೇರಿ ಎರಡು ತುಂಡುಗಳನ್ನು ಅವನ ದಪ್ಪ ಕಾಗದದ ಹಿಂಬದಿಗೆ ಗಮ್ ಹಚ್ಚಿ ಅಂಟಿಸಿದರು. ಅಂಟಿಸಿದ ಮೇಲೆ ಜೀರುಂಡೆ ಅದರ ಕೆಳಗೆ ತಾನೂ ಒಂದು ಸಾಲು ಬರೆದಳು.

ಕೊಕ್ಕರೆ ಪೀರಿಯಡ್ ಬಂತು. ಕಾಲುಗಳು ಎದ್ದವು. ಕೆನೆ ಓದಿದ: “ವೆನ್ ಗೇಟಜ್ಜ ಕ್ಲೋಸ್ಡ್ ದ ಗೇಟ್, ಎವ್ರಿಬಡಿ ಸ್ಕೋಲ್ಡೆಡ್ ಹಿಮ್…”

ಇವತ್ತು ಯಾರೂ ನಗಲಿಲ್ಲ. ಕಾಲು ಇಳಿಸಿದವರು ಜೀರುಂಡೆಯ ಮುಖವನ್ನೇ ನೋಡುತ್ತಿದ್ದರು.

“ಕಾಲು ಎತ್ತಿ! ಇನ್ನೂ ಇದೆ!” ಎಂದಳು ಜೀರುಂಡೆ.

ಈ ಹುಡುಗಿಗೆ ಇಷ್ಟು ದೊಡ್ಡ ಗಂಟಲಿದೆ ಎಂದು ಕ್ಲಾಸಿಗೆ ಅಂದೇ ಗೊತ್ತಾದದ್ದು. ಗೊಣಗುತ್ತ ಎಲ್ಲರೂ ಮತ್ತೆ ಕಾಲೆತ್ತಿದರು.

“…ಬಿಕಾಸ್ ದೇ ವಾಂಟೆಡ್ ಟು ಗೋ ಹೋಮ್,” ಎಂದು ತಾನು ಬರೆದ ಸಾಲನ್ನು ಅವಳೇ ಓದಿದಳು. ಯಾಕೆಂದರೆ ಅವರಿಗೆಲ್ಲ ಮನೆಗೆ ಹೋಗಬೇಕಿತ್ತು.

ಕಾಲುಗಳು ಸದ್ದಿಲ್ಲದೆ ಇಳಿದವು. ಮಿಸ್ ಚೀಟಿಯನ್ನು ಕೈಗೆ ತೆಗೆದುಕೊಂಡು ಮನಸ್ಸಿನಲ್ಲೇ ಇನ್ನೊಮ್ಮೆ ಓದಿಕೊಂಡರು.

“ಅಲ್ಲಿ ಕಾಯ್ತಾ ಕಾಯ್ತಾನೇ ನಾನು ಗಡಿಯಾರ ನೋಡೋಕೆ ಕಲ್ತಿದ್ದು,” ಎಂದಳು ಮುಂದಿನ ಬೆಂಚಿನವಳು ಇದ್ದಕ್ಕಿದ್ದ ಹಾಗೆ.

“ನಮ್ಮಮ್ಮ ಒಂದು ಸ್ವೆಟರ್‌ನ ಪೂರ್ತಿ ಆ ಗೇಟಲ್ಲೇ ಹೆಣೆದ್ರು!”

“ನಾನು ಗೂಡ್ಸ್ ಗಾಡಿ ಡಬ್ಬಿ ಎಣಿಸ್ತಿದ್ದೆ. ಯಾವತ್ತೂ ಲೆಕ್ಕ ಸರಿಹೋಗ್ತಿರ್ಲಿಲ್ಲ.”

“ಈಗ ಅಲ್ಲಿ ಕಾಯೋದೇ ಇಲ್ಲ. ಬೋರು,” ಎಂದ ಮಾನಿಟರ್. ಆಮೇಲೆ ಜೀರುಂಡೆಯ ಕಡೆ ತಿರುಗಿ, “ಅವರು ನಿಮ್ಮಜ್ಜಾನಾ? ನಿಜವಾಗ್ಲೂ?” ಎಂದು ಕೇಳಿದ. ಅವಳು ತಲೆಯಾಡಿಸಿದಳು. ಅಲ್ಲಿಂದ ಶುರುವಾದ ಪ್ರಶ್ನೆಗಳು ಬೆಲ್ ಹೊಡೆದರೂ ಮುಗಿಯಲಿಲ್ಲ.

ಸಂಜೆ ಅಜ್ಜಿ ಎಂದಿನಂತೆ ಕರೆದೊಯ್ಯಲು ಬಂದಾಗ ಹಾಲಿನ ವ್ಯಾನ್ ಶಾಲೆಯ ಮುಂದೆ ನಿಂತಿತ್ತು. ಡ್ರೈವರ್ ಕೆಳಗಿಳಿದು ಬಂದು ತಲೆ ಕೆರೆದುಕೊಂಡರು.

“ನಮಸ್ಕಾರ ಅಮ್ಮಾ. ನಾನು ಈ ಹುಡುಗನ ಅಪ್ಪ.”

ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದರು. “ಮುಖ ಗೊತ್ತಿಲ್ಲಪ್ಪ. ಗಂಟಲು ಚೆನ್ನಾಗಿ ಗೊತ್ತು! ‘ಹಾಲು ಮೊಸರಾಗ್ತಿದೆ’ ಅಂತಿದ್ದೋನು ನೀನೇ ತಾನೆ?”

ಕೆನೆ ಕಿಸಕ್ಕೆಂದ. ಅವನ ಅಪ್ಪ ನೆಲ ನೋಡಿದರು. “ತಪ್ಪಾಯ್ತಮ್ಮಾ. ಆಗ ಅವಸರ.”

“ಅಯ್ಯೋ, ತಪ್ಪೇನು ಬಂತು? ನಿನ್ನ ಕೂಗು ಕೇಳಿಯೇ ನಾನು ಸಂಜೆ ಒಲೆ ಹಚ್ತಿದ್ದದ್ದು,” ಎಂದರು ಅಜ್ಜಿ. “ಅಷ್ಟು ದಿನ ಬೈದಿದ್ದೀಯ, ಒಂದಿನ ಮನೆಗೆ ಬಿಡು.”

ಮೊದಲು ಊರಿನ ಆಚೆ ಭಾಗಕ್ಕೆ ಹೋಗಿ ಒಂದಷ್ಟು ಖಾಲಿ ಕ್ರೇಟು ಇಳಿಸಿ, ವಾಪಸ್ ಬರುವಾಗ ವ್ಯಾನು ಹಳೆಯ ರಸ್ತೆಗೆ ಹೊರಳಿತು. ಜೀರುಂಡೆ ಮತ್ತು ಕೆನೆ ಹಿಂದೆ ಕ್ರೇಟುಗಳ ನಡುವೆ ಕುಳಿತಿದ್ದರು. ಅಜ್ಜಿ ಮುಂದಿನ ಸೀಟಿನಲ್ಲಿದ್ದರು. ರಸ್ತೆ ನೇರವಾಗಿತ್ತು, ಖಾಲಿಯಾಗಿತ್ತು. ಆದರೂ ಒಂದು ಕಡೆ ವ್ಯಾನ್ ಮೆಲ್ಲಗಾಯಿತು. ನಿಂತೇಬಿಡುತ್ತದೇನೋ ಎನ್ನುವಷ್ಟು ಮೆಲ್ಲಗಾಯಿತು.

“ಯಾಕಪ್ಪಾ?” ಎಂದ ಕೆನೆ.

“ಏನಿಲ್ಲ ಕಣೋ. ಇಲ್ಲಿಗೆ ಬಂದ್ರೆ ಕಾಲು ತಾನಾಗೇ ಬ್ರೇಕ್ ಮೇಲೆ ಹೋಗುತ್ತೆ.”

ಜೀರುಂಡೆ ಹೊರಗೆ ನೋಡಿದಳು. ಹಳಿ ಇರಲಿಲ್ಲ, ಕಂಬ ಇರಲಿಲ್ಲ, ಗೇಟ್‌ಮನೆ ಇರಲಿಲ್ಲ. ಅದು ಇದ್ದ ಕಡೆ ಹುಲ್ಲು ಬೆಳೆದಿತ್ತು. ಅಜ್ಜಿಯೂ ಅತ್ತಲೇ ನೋಡುತ್ತಿದ್ದರು.

ಹಿಂದೆ ಒಂದು ಸ್ಕೂಟರು ಪೀಂ ಪೀಂ ಎಂದು ಒಂದೇ ಸಮನೆ ಕೂಗಿಕೊಂಡಿತು. ಸವಾರ ಪಕ್ಕಕ್ಕೆ ಬಂದು, “ಏನ್ರೀ, ರಸ್ತೆ ಮಧ್ಯೆ ನಿದ್ದೆ ಹೊಡೀತೀರಾ?” ಎಂದು ಬೈದು ಮುಂದೆ ಹೋದ.

“ಅಪ್ಪಾ, ನಿಮಗೇ ಬೈದ!” ಎಂದು ಕೆನೆ ಚಪ್ಪಾಳೆ ತಟ್ಟಿದ.

ಜೀರುಂಡೆ ಕ್ರೇಟಿನ ಮೇಲೆ ಮೊಣಕಾಲೂರಿ, ಮುಂದಿನ ಗಾಜಿನಲ್ಲಿ ಆ ಸ್ಕೂಟರನ್ನೇ ನೋಡಿದಳು. ಅದು ಒಂದು ಬಸ್ಸನ್ನು ಹಾದುಹೋಯಿತು. ರಸ್ತೆಯ ತಿರುವಿನಲ್ಲಿ ಸ್ವಲ್ಪ ವಾಲಿತು, ಮತ್ತೆ ನೆಟ್ಟಗಾಯಿತು. ಅದು ಕ್ಷೇಮವಾಗಿ ತಿರುವು ದಾಟಿ ಮರೆಯಾದ ಮೇಲೆಯೇ ಅವಳು ಮತ್ತೆ ಕುಳಿತುಕೊಂಡದ್ದು.